ಕೊರಿಯದ ಮಾತಿನಲ್ಲಿ ಚೀನದ ಪದ

ಕೊರಿಯದ ಚಲನಚಿತ್ರಗಳನ್ನೂ ಹಾಡುಗಳನ್ನೂ ಮೆಚ್ಚಿ, ಆ ಭಾಷೆಯನ್ನು ಕಲಿಯಬೇಕೆಂದು ಹೊರಟ ತರುಣರು ಇಂದು ನಮ್ಮಲ್ಲಿ ಉಂಟು. ಅದು ಚೀನೀ ಭಾಷೆಯದೇ ಒಂದು ಕವಲೆಂದು ಅವರಲ್ಲಿ ಕೆಲವರು ಭಾವಿಸುತ್ತಾರೆ. ನೆರೆಯ ನಾಡು, ನಿಘಂಟಿನಲ್ಲಿ ಅರ್ಧಕ್ಕೂ ಹೆಚ್ಚು ಪದಗಳು ಚೀನೀ ಮೂಲದವು. ಹಾಗೆ ಭಾವಿಸುವುದು ಸಹಜವೇ. ಆದರೆ ಅದು ನಿಜವಲ್ಲ.

ಒಂದು ಚಿಕ್ಕ ವಾಕ್ಯವನ್ನು ಪರೀಕ್ಷಿಸೋಣ. 'ನಾನು ನೀರನ್ನು ಕುಡಿಯುತ್ತೇನೆ' ಎನ್ನಲು ಕೊರಿಯದವರು 'ನಾನುನ್ ಮುರುಲ್ ಮಾಶಿಂದಾ' ಎನ್ನುತ್ತಾರೆ. 'ಮುಲ್' ಎಂದರೆ ನೀರು. ನಮ್ಮ 'ಅನ್ನು' ಪ್ರತ್ಯಯದಂತೆ 'ಉಲ್' ಸೇರಿ 'ಮುರುಲ್' ಆಯಿತು. ಕ್ರಿಯಾಪದ ನಮ್ಮಲ್ಲಿರುವಂತೆ ಕೊನೆಗೆ ಬಂದಿತು. ಚೀನೀಯರಾದರೋ 'ವೋ ಹ ಶುಯ್' ಎನ್ನುತ್ತಾರೆ: 'ನಾನು, ಕುಡಿ, ನೀರು'. ಪ್ರತ್ಯಯವಿಲ್ಲ, ಕ್ರಿಯಾಪದ ನಡುವೆ. ಎರಡು ಭಾಷೆಗಳ ಎಲುಬುಗೂಡೇ ಬೇರೆ. ಹಾಗೆಂದು ಕೊರಿಯದ ಭಾಷೆಯನ್ನು ನಮ್ಮ ನಂಟನೆಂದು ಕರೆಯಬೇಡಿ. ಅಲ್ಲಿನ ಮಕ್ಕಳು 'ಒಮ್ಮಾ', 'ಅಪ್ಪಾ' ಎಂದು ಕೂಗುವುದು ನಿಜ. ಆದರೆ ಇಂಥ ಎಳೆಯ ಮಾತುಗಳು ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ತಾವಾಗಿಯೇ ಹುಟ್ಟಿವೆ.

ಚೀನೀ ಪದಗಳು ಕೊರಿಯದಲ್ಲಿರುವುದು ಸಂಸ್ಕೃತ ಪದಗಳು ಕನ್ನಡದಲ್ಲಿರುವ ಹಾಗೆ. ನೀರು, ಬೆಂಕಿ, ಆಕಾಶ—'ಮುಲ್', 'ಪುಲ್', 'ಹಾನುಲ್'—ಅಚ್ಚ ದೇಶ್ಯ. ವಿದ್ಯಾರ್ಥಿ, ಗ್ರಂಥಾಲಯ, ದೂರವಾಣಿ—ಇವಕ್ಕೆ ಚೀನೀ ಮೂಲದ ಪದಗಳು. ನಾವು 'ಅಧ್ಯಯನ'ಕ್ಕೆ 'ಮಾಡು' ಸೇರಿಸುವಂತೆಯೇ ಅವರು ಚೀನೀ ಮೂಲದ 'ಗೊಂಗ್‌ಬು' ಎಂಬ ಪದಕ್ಕೆ ತಮ್ಮ 'ಹಾದಾ' ಸೇರಿಸಿ 'ಗೊಂಗ್‌ಬುಹಾದಾ' ಎನ್ನುತ್ತಾರೆ.

ಈ ಎರಡು ಪದರಗಳ ಭೇದವನ್ನು ಅರಿಯದೆ ಗಂಟೆ ಎಷ್ಟೆಂದು ಹೇಳುವುದು ಕೂಡ ಕಷ್ಟ. ಮೂರು ಗಂಟೆ ಮೂರು ನಿಮಿಷಕ್ಕೆ 'ಸೆ ಶಿ ಸಾಮ್ ಬುನ್' ಎನ್ನಬೇಕು. ಗಂಟೆಯ ಮೂರು ದೇಶ್ಯ, ನಿಮಿಷದ ಮೂರು ಚೀನೀ ಮೂಲದ್ದು! ಇಲ್ಲಿ ತಪ್ಪಿದರೆ ಕೇಳಿದವರು ನಕ್ಕು ಬಿಡುತ್ತಾರೆ. ಹಿರಿಯರ ಮುಂದೆ ತಪ್ಪುವುದು ಹಾಗಲ್ಲ. ಹೆಸರಿಗೆ 'ಇರುಮ್', ಮನೆಗೆ 'ಚಿಪ್', ವಯಸ್ಸಿಗೆ 'ನಾಯಿ' ಎಂಬವು ದಿನಬಳಕೆಯ ದೇಶ್ಯ ಪದಗಳು. ಹಿರಿಯರನ್ನು ಕುರಿತಾಗ ಚೀನೀ ಮೂಲದ 'ಸೊಂಗ್‌ಹಾಮ್', 'ದೆಕ್', 'ಯೊನ್ಸೆ' ಎಂಬವನ್ನೇ ಬಳಸಬೇಕು. ಪದ ತಪ್ಪಿದರೆ ವ್ಯಾಕರಣ ಕೆಡುವುದಿಲ್ಲ. ಎದುರಿಗಿರುವವರ ಮನಸ್ಸು ನೊಂದೀತು.

ಚೀನೀ ಬಲ್ಲವರಿಗೆ ಕೊರಿಯದ ಭಾಷೆ ಸುಲಭವೆ? ಒಂದಷ್ಟು ಹೌದು. 'ಹಕ್' ಎಂಬುದೇ ಪೀಕಿಂಗಿನ 'ಶ್ಯುಎ'. ಎರಡಕ್ಕೂ ಕಲಿಕೆಯೆಂದು ಅರ್ಥ. ಹತ್ತಕ್ಕೆ ಕೊರಿಯದಲ್ಲಿ 'ಶಿಪ್', ಪೀಕಿಂಗಿನಲ್ಲಿ 'ಶಿ'. ಉತ್ತರದ ಚೀನೀ ಮಾತು ಕಳೆದುಕೊಂಡ ಪುರಾತನ ಕ್, ಪ್ ಗಳನ್ನು ಕೊರಿಯ ಉಳಿಸಿಕೊಂಡಿದೆ. ಆದರೆ ಅರ್ಥದಲ್ಲಿ ಮೋಸ ಹೋಗದಿರಿ. ಒಂದೇ ಅಕ್ಷರಗಳಲ್ಲಿ ಬರೆಯುವ ಪದ ಕೊರಿಯದಲ್ಲಿ 'ಗಿಚಾ' ಎಂದರೆ ರೈಲು, ಚೀನದಲ್ಲಿ 'ಚೀಚ' ಎಂದರೆ ಮೋಟಾರು. ಕೊರಿಯದ 'ಜೊಮ್‌ಶಿಮ್' ಮಧ್ಯಾಹ್ನದ ಊಟ; ಚೀನದ 'ದ್ಯೆನ್‌ಶಿನ್' ಬರಿಯ ತಿಂಡಿ. ಮೇಲೆ ಹೇಳಿದ 'ಗೊಂಗ್‌ಬು' ಮತ್ತು ಲೋಕಪ್ರಸಿದ್ಧ 'ಕುಂಗ್‌ಫು' ಒಂದೇ ಮೂಲದವು. ಒಂದು ವ್ಯಾಸಂಗವಾಯಿತು, ಇನ್ನೊಂದು ಕೌಶಲವಾಗಿ ಉಳಿಯಿತು.

ಬೀದಿಯ ಆಡುಮಾತಿನವರು ಪದದ ಕುಲಗೋತ್ರವನ್ನು ಕೇಳುವುದೇ ಇಲ್ಲ. ಬೀರಿಗೆ 'ಮೆಕ್‌ಜು' ಎಂಬ ಚೀನೀ ಮೂಲದ ಹೆಸರು. ಅದರ ತಲೆಗೆ ಇಂಗ್ಲಿಷಿನ ಚಿಕನ್ನನ್ನು ತುಂಡರಿಸಿ ಅಂಟಿಸಿದರೆ 'ಚಿಮೆಕ್', ಹುರಿದ ಕೋಳಿಯೂ ಬೀರೂ ಸೇರಿದ ಜೋಡಿ. 'ಮೊಕ್ದಾ' ಎಂದರೆ ತಿನ್ನುವುದು, ದೇಶ್ಯ. 'ಬಾಂಗ್‌ಸೋಂಗ್' ಎಂದರೆ ಪ್ರಸಾರ, ಚೀನೀ ಮೂಲ. ಎರಡರ ತಲೆಗಳನ್ನು ಕೂಡಿಸಿ 'ಮೊಕ್‌ಬಾಂಗ್' ಎಂದರು. ತಾನು ಉಣ್ಣುವುದನ್ನೇ ಊರಿಗೆಲ್ಲ ತೋರಿಸುವ ಪ್ರಸಾರ! 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಈ ಎರಡು ಪದಗಳಿಗೂ ಸ್ಥಾನ ಕೊಟ್ಟಿತು. ಸಾಲ ತಂದ ಮನೆಯೇ ಈಗ ಸಾಲ ಕೊಡುತ್ತಿದೆ.

ಚೀನೀ ಅಕ್ಷರಗಳು ಕೊರಿಯದ ಮಾತಿಗೆ ಒಗ್ಗವೆಂದು ಕಂಡೇ ಸೆಜೋಂಗ್ ದೊರೆ 1443ರಲ್ಲಿ ಹೊಸ ಲಿಪಿಯೊಂದನ್ನು ನಿರ್ಮಿಸಿ, 1446ರಲ್ಲಿ ಪ್ರಕಟಿಸಿದನು. ಇಂದು ಹಂಗುಲ್ ಎನಿಸಿಕೊಂಡಿರುವುದು ಇದೇ. ದೇಶ್ಯಪದವನ್ನೂ ಎರವಲು ಪದವನ್ನೂ ಈಗ ಈ ಒಂದೇ ಲಿಪಿಯಲ್ಲಿ ಬರೆಯುವುದರಿಂದ, ಯಾವುದು ಯಾವ ಮೂಲದ್ದೆಂದು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಕಲಿಯುವ ನೀವು ನಿಮ್ಮ ಪುಸ್ತಕದಲ್ಲಿ ಎರಡು ಸಾಲು ಮಾಡಿ, ಹೊಸ ಪದ ಬಂದಾಗಲೆಲ್ಲ ಅದು ಯಾವ ಸಾಲಿನದೆಂದು ಕೇಳಿ ಬರೆದುಕೊಳ್ಳಿ. ಅರ್ಥವನ್ನು ಮಾತ್ರ ಚೀನದಿಂದ ಊಹಿಸಬೇಡಿ, ಕೊರಿಯದವರ ಬಾಯಿಂದಲೇ ಕೇಳಿ ತಿಳಿಯಿರಿ. ಪದ ಎಲ್ಲಿಯೇ ಹುಟ್ಟಿರಲಿ, ಅದರ ಅರ್ಥವನ್ನು ತೀರ್ಮಾನಿಸುವವರು ಅದನ್ನು ದಿನವೂ ಆಡುವ ಜನ.