ಚಳಿ ಏರುವುದು ನೆಲದಿಂದ

ಡಿಸೆಂಬರ್ ತಿಂಗಳ ನಸುಕಿನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಸುತ್ತ ಒಮ್ಮೆ ನಡೆದು ಬಂದರೆ ಬೀದಿನಾಯಿಗಳು ಎಲ್ಲೆಲ್ಲಿ ಮಲಗುತ್ತವೆ ಎಂಬುದು ಕಣ್ಣಿಗೆ ಬೀಳುತ್ತದೆ. ತರಕಾರಿ ಇಳಿಸಿದ ಖಾಲಿ ಗೋಣಿಚೀಲದ ಮೇಲೊಂದು, ಆರಿದ ಒಲೆಯ ಬೂದಿಯಲ್ಲೊಂದು, ಆಗತಾನೆ ಬಂದು ನಿಂತ ಆಟೊದ ಕೆಳಗೊಂದು. ಮೂಗನ್ನು ಬಾಲದಡಿ ತೂರಿಸಿ ಚಕ್ಕುಲಿಯ ಹಾಗೆ ಸುತ್ತಿಕೊಂಡ ಈ ಜೀವಗಳು ಬರಿಯ ಕಲ್ಲುಹಾಸನ್ನು ಆದಷ್ಟು ತಪ್ಪಿಸುತ್ತವೆ. ಸಾಕಿದ ನಾಯಿಯನ್ನು ಕ್ಯಾಂಪಿಂಗಿಗೆ ಕರೆದೊಯ್ಯುವವರು ಕಲಿಯಬೇಕಾದ ಮೊದಲ ಪಾಠ ಇಲ್ಲೇ ಇದೆ.

ಬೀಡುಬಿಟ್ಟ ಜನರ ಜೊತೆ ನಾಯಿ ಇರುವುದು ಈ ಸೀಮೆಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಶಾಸನ ಗಂಗ ಅರಸ ಬೂತುಗನಿಂದ ಅವನ ಅನುಚರ ಮಣಲೇರನು ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿಯ ಕಥೆ ಹೇಳುತ್ತದೆ. ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತ ಆ ನಾಯಿಗೆ ಕಲ್ಲು ನೆಡಿಸಿದರು. ಇಂದಿನ ಪಯಣ ಅಷ್ಟು ಕಠಿಣವಲ್ಲ. ಶನಿವಾರ ಮಧ್ಯಾಹ್ನ ಮೈಸೂರಿನಿಂದ ಕಾರು ಹೊರಟರೆ ಸಂಜೆಗೆ ಕೊಡಗಿನ ಯಾವುದೋ ಕಾಫಿ ತೋಟದಲ್ಲಿ ಟೆಂಟ್ ಎದ್ದಿರುತ್ತದೆ. ಆದರೆ ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಮಡಿಕೇರಿ 1,150 ಮೀಟರ್ ಆಸುಪಾಸಿನಲ್ಲಿ. ಮನೆಯ ಸೋಫಾದಲ್ಲಿ ಮಲಗಿ ರೂಢಿಯಾದ ನಾಯಿಗೆ ಅಲ್ಲಿನ ಮಂಜು ಬಿದ್ದ ರಾತ್ರಿ ಬೇರೆಯೇ ಲೋಕ.

ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮಗಿಂತ ಹೆಚ್ಚು. ಅದನ್ನು ಕಾಯುವುದು ಕೂದಲಲ್ಲ, ಕೂದಲ ನಡುವೆ ಸಿಕ್ಕಿಕೊಂಡ ಗಾಳಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಮೇಲ್ಗೂದಲ ಅಡಿಯಲ್ಲಿ ಮೆತ್ತನೆಯ ಒಳಗೂದಲೂ ಇರುತ್ತದೆ. ನಮ್ಮ ಮುಧೋಳ ನಾಯಿಗೆ ಆ ಸವಲತ್ತು ಇಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಈ ಬಯಲುಸೀಮೆಯ ಓಟಗಾರನ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ. ಡಾಬರ್‌ಮನ್, ಮುದಿನಾಯಿ, ಮರಿ ಇವುಗಳ ಪಾಡೂ ಅಷ್ಟೆ. ಇವಕ್ಕೆ ಸ್ವೆಟರ್ ಹಾಕುವುದು ಶೋಕಿಯಲ್ಲ, ಅಗತ್ಯ.

ಹಾಸಿಗೆಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಮೇಲೆ ಎರಡು ಹೊದಿಕೆ ಹೊದಿಸಿ, ಕೆಳಗೆ ಟೆಂಟಿನ ತೆಳು ಪ್ಲಾಸ್ಟಿಕ್ ಮಾತ್ರ ಬಿಡುತ್ತಾರೆ. ಮಲಗಿದಾಗ ಮೈಭಾರಕ್ಕೆ ಹೊಟ್ಟೆ, ಪಕ್ಕೆಗಳ ಕೂದಲು ಒತ್ತಿಹೋಗಿ ಅದರೊಳಗಿನ ಗಾಳಿ ಹೊರಬೀಳುತ್ತದೆ. ಒದ್ದೆ ಮಣ್ಣು ಮೈಬಿಸಿಯನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ನಡುರಾತ್ರಿ ನಾಯಿ ಎದ್ದು, ಮೂರು ಸುತ್ತು ಸುತ್ತಿ, ಕಾಲಿನಿಂದ ಹಾಸನ್ನು ಕೆರೆದು ಮತ್ತೆ ಮಲಗಿ ಮತ್ತೆ ಎದ್ದರೆ ಅದು ಹಟವಲ್ಲ, ಕೆಳಗೆ ತಣ್ಣಗಿದೆ ಎಂಬ ದೂರು. ಕೆಳಗೊಂದು ಫೋಮ್ ಚಾಪೆ, ಅದರ ಮೇಲೆ ಮಡಚಿದ ಗೋಣಿ, ಅದರ ಮೇಲೆ ಕಂಬಳಿ ಹಾಕಿದರೆ ಸಾಕು. ಕಂಬಳಿ ಎಂದರೆ ಅಂಗಡಿಯ ನುಣುಪು ಬ್ಲ್ಯಾಂಕೆಟ್ ಅಲ್ಲ, ಕುರಿ ಉಣ್ಣೆಯ ಒರಟು ಕರಿಕಂಬಳಿ. ಕುರಿಗಾಹಿಗಳು ಮಳೆಯಲ್ಲೂ ಅದನ್ನೇ ಕೊಪ್ಪೆ ಹಾಕಿಕೊಂಡು ನಿಲ್ಲುವುದು ಸುಮ್ಮನಲ್ಲ. ತುಸು ತೇವವಾದರೂ ಅದು ಬೆಚ್ಚಗಿರುತ್ತದೆ. ಮನೆಯಲ್ಲಿ ನಾಲ್ಕು ದಿನ ನಾಯಿ ಮಲಗಿದ ಕಂಬಳಿಯಾದರೆ ಇನ್ನೂ ಒಳ್ಳೆಯದು, ಹೊಸ ಜಾಗದಲ್ಲಿ ತನ್ನ ವಾಸನೆ ಸಿಕ್ಕರೆ ಅದು ಬೇಗ ನಿದ್ದೆಗೆ ಜಾರುತ್ತದೆ.

ಇನ್ನೊಂದು ಶತ್ರು ನೀರು. ನಾಯಿಯ ಪಾದಕ್ಕೆ ತನ್ನದೇ ರಕ್ಷಣೆಯಿದೆ: ಕಾಲಿಗೆ ಇಳಿಯುವ ಬಿಸಿ ರಕ್ತ ಮೇಲೇರುವ ತಣ್ಣನೆಯ ರಕ್ತವನ್ನು ಕಾಯಿಸುತ್ತದೆ ಎಂದು 2011ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ನೆಂದ ಹೊಟ್ಟೆಗೆ ಅಂಥ ಏರ್ಪಾಡಿಲ್ಲ. ಕಾವೇರಿಯಲ್ಲಿ ಈಜಾಟ ಬಿಸಿಲಿರುವಾಗಲೇ ಮುಗಿಯಲಿ, ಕತ್ತಲಾಗುವ ಮೊದಲು ಬಾಲದ ಬುಡ, ಬೆರಳ ಸಂದಿಯವರೆಗೂ ಟವೆಲಿನಿಂದ ಒರೆಸಬೇಕು.

ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಟೆಂಟಿನೊಳಗೆ ಇಡುವುದು ಮಾತ್ರ ಎಂದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ; ನಾಯಿಯೂ ಒಡೆಯನೂ ನಿದ್ದೆಯಲ್ಲೇ ಪ್ರಾಣ ಬಿಡಬಹುದು. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಹಾಸಿಗೆಯ ಒಂದು ಬದಿಗೆ ಇಟ್ಟರೆ ಅದೇ ಸಾಕು. ಬೇಕಾದರೆ ಒತ್ತಿಕೊಳ್ಳಲು, ಬೇಡವಾದರೆ ಸರಿಯಲು ನಾಯಿಗೆ ಜಾಗವಿರಬೇಕು. ನಡುಗುತ್ತಿದ್ದ ನಾಯಿ ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ, ಮಂಕಾಗಿ, ಕರೆದರೂ ಏಳದಿದ್ದರೆ ಅದು ಅಪಾಯ. ಒಣಗಿಸಿ, ಸುತ್ತಿ, ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ಹೊರಗೆ ಕಟ್ಟಿಹಾಕುವ ಅಭ್ಯಾಸ ಚಳಿಗಷ್ಟೇ ಅಲ್ಲ, ಚಿರತೆಗೂ ನಾಯಿಯನ್ನು ಒಡ್ಡುತ್ತದೆ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದೊಳಗೇ ಚಿರತೆ ಕಾಣಿಸಿಕೊಂಡಿತ್ತು. ತೋಟದಂಚಿನ ರಾತ್ರಿಯ ಮಾತು ಹೇಳಬೇಕಿಲ್ಲ. ನಾಗರಹೊಳೆ, ಬಂಡೀಪುರದಂಥ ಹುಲಿ ಸಂರಕ್ಷಿತ ಕಾಡುಗಳು ಸಾಕುನಾಯಿಯ ಜಾಗವೇ ಅಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನ ಸಿಂಹಗಳನ್ನು ಬಲಿ ತೆಗೆದುಕೊಂಡ ಡಿಸ್ಟೆಂಪರ್ ವೈರಸ್ ನಾಯಿಗಳಿಗೂ ತಗಲಿ, ಅವುಗಳಿಂದ ಕಾಡುಪ್ರಾಣಿಗಳಿಗೆ ಹರಡಬಲ್ಲದು. ಮಾಲೀಕರ ಒಪ್ಪಿಗೆ ಪಡೆದ ಖಾಸಗಿ ತೋಟ, ಹೊರಡುವ ಮುಂಚೆಯೇ ಹಾಕಿಸಿದ ರೇಬಿಸ್, ಡಿಸ್ಟೆಂಪರ್, ಪಾರ್ವೊ ಲಸಿಕೆ, ಇವೆರಡೂ ಇದ್ದರೆ ಮಾತ್ರ ಹೊರಡಬಹುದು.

ಬೆಳಗ್ಗೆ ಬಿಸಿಲು ಬಿದ್ದೊಡನೆ ಕಂಬಳಿಯನ್ನು ಬೇಲಿಯ ಮೇಲೆ ಹರವಿದರೆ ರಾತ್ರಿಯ ತೇವ ಆರುತ್ತದೆ. ಅದು ಆರುವಷ್ಟರಲ್ಲಿ ನಾಯಿಯನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು ಕಿವಿಯ ಒಳಮಡಿಕೆ, ಕಂಕುಳು, ಬೆರಳ ಸಂದಿಗಳಲ್ಲಿ ಉಣ್ಣಿ, ಜಿಗಣೆ ಹುಡುಕಬೇಕು. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದ ಮೇಲೆಯೇ ಕಾರಿನ ಬಾಗಿಲು ತೆರೆಯುವುದು.