ಮರುಜೋಡಣೆಯಾದ ಡೀಸೆಲ್ ಎಂಜಿನ್‌ನಲ್ಲಿ ಸದ್ದು: ಕಾರಣ ಪತ್ತೆ ಹೇಗೆ?

ಹೂಲಿ (ಸವದತ್ತಿ ತಾ.): ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ತಂದ ಕಾರು ಮೊದಲ ವಾರವೇ 'ಟಕ್ ಟಕ್' ಎನ್ನತೊಡಗಿದರೆ ಮಾಲೀಕನ ಎದೆಯೂ ಅದೇ ತಾಳದಲ್ಲಿ ಬಡಿಯತೊಡಗುತ್ತದೆ. ಹೂಲಿಯ ಪಂಚಲಿಂಗೇಶ್ವರ ಗುಡಿ, ಯಲ್ಲಮ್ಮನ ಗುಡ್ಡ, ನವಿಲುತೀರ್ಥ ಎಂದು ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರಿನವರಿಗೆ ಈ ಸದ್ದು ಜೀವನೋಪಾಯದ ಪ್ರಶ್ನೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದಿನಗಳಲ್ಲಿ ಗಾಡಿ ನಿಂತರೆ ಇಡೀ ಹಂಗಾಮಿನ ಗಳಿಕೆಯೇ ಕೈತಪ್ಪುತ್ತದೆ.

ಟಾಟಾ ಇಂಡಿಕಾ ತಯಾರಿಕೆ 2018ರಲ್ಲಿ ನಿಂತಿತು. ಮಾರುತಿ ಸುಜುಕಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳಿಗೆ ವಿದಾಯ ಹೇಳಿತು. ಹೀಗಾಗಿ ಸ್ವಿಫ್ಟ್, ಡಿಸೈರ್‌ಗಳ 1248 ಸಿ.ಸಿ. ಎಂಜಿನ್ ಇರುವವರು ಹಳೆಯದನ್ನೇ ಮರುಜೋಡಣೆ ಮಾಡಿಸಿ ಓಡಿಸುವುದು ಅನಿವಾರ್ಯವಾಗಿದೆ.

ಡೀಸೆಲ್‌ಗೆ ತನ್ನದೇ ಸದ್ದಿದೆ

ಎಲ್ಲ ಸದ್ದೂ ದೋಷವಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡಿ, ಅದರೊಳಗೆ ಇಂಧನವನ್ನು ಚಿಮುಕಿಸಲಾಗುತ್ತದೆ. ಚಿಮುಕಿದ ಇಂಧನ ಹೊತ್ತಿಕೊಳ್ಳಲು ಕ್ಷಣದ ಒಂದಂಶದಷ್ಟು ವಿಳಂಬವಾಗುತ್ತದೆ. ಆ ವಿಳಂಬದಲ್ಲಿ ಕೂಡಿಬಿದ್ದ ಇಂಧನ ಒಮ್ಮೆಲೇ ಉರಿದಾಗ ಒತ್ತಡ ಏಕಾಏಕಿ ಏರಿ 'ಕಟಕಟ' ಎನ್ನುತ್ತದೆ. ವಿಳಂಬ ಹೆಚ್ಚಿದಷ್ಟೂ ಸದ್ದು ಹೆಚ್ಚು. ಪಂಪ್ ಟೈಮಿಂಗ್ ಮುಂದಾಗಿದ್ದರೆ, ಕಂಪ್ರೆಷನ್ ಕಡಿಮೆಯಿದ್ದರೆ, ನಾಜಲ್ ಸರಿಯಾಗಿ ಸಿಂಪಡಿಸದಿದ್ದರೆ ಬೇರಿಂಗ್‌ಗಳೆಲ್ಲ ನೆಟ್ಟಗಿದ್ದರೂ ಎಂಜಿನ್ ಒಡೆದುಹೋಗುವಂತೆ ಬಡಿಯುತ್ತದೆ. ಎಷ್ಟೋ ಸಲ ಬೇರಿಂಗ್ ಹೋಗಿದೆಯೆಂದು ಎಂಜಿನ್ ಮತ್ತೆ ಇಳಿಸಿದ ಬಳಿಕ ದೋಷ ಇಂಜೆಕ್ಟರ್‌ನಲ್ಲಿತ್ತೆಂದು ಗೊತ್ತಾಗುವುದು ಇದೇ ಕಾರಣಕ್ಕೆ.

ಇನ್ನು ಸದ್ದಿನ ಲಯ. ಐಡಲ್‌ನಲ್ಲಿ ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ತಿರುಗುವುದು 400 ಸುತ್ತು ಮಾತ್ರ. ವಾಲ್ವ್, ಇಂಜೆಕ್ಟರ್‌ಗಳ ಸದ್ದು ನಿಧಾನ ಲಯದಲ್ಲಿ, ಸೆಕೆಂಡಿಗೆ ಆರೇಳು ಬಾರಿ ಬರುತ್ತದೆ. ಪಿಸ್ಟನ್ ಹೆಡ್‌ಗೆ ತಾಗುತ್ತಿದ್ದರೆ ಪ್ರತಿ ಸುತ್ತಿಗೂ, ಅಂದರೆ ಅದರ ಎರಡರಷ್ಟು ಬಾರಿ ಕೇಳಿಸುತ್ತದೆ. ಕಿವಿಯಿಂದ ಎಣಿಸಲು ಸಾಧ್ಯವಿಲ್ಲ, ಆದರೆ ನುರಿತ ಮೇಸ್ತ್ರಿಗೆ ವ್ಯತ್ಯಾಸ ತಿಳಿಯುತ್ತದೆ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಬ್ಲಾಕ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವ ಹಳೆಯ ಪದ್ಧತಿಯನ್ನು ಇಂದಿಗೂ ತಳ್ಳಿಹಾಕುವಂತಿಲ್ಲ. ಮೇಲೆ ಹೆಡ್ ಬಳಿ ಜೋರಾಗಿದೆಯೋ, ಕೆಳಗೆ ಆಯಿಲ್ ಚೇಂಬರ್ ಬಳಿಯೋ ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಬಿಸಿ ಏರಿದಂತೆ ಸದ್ದು ಏನಾಗುತ್ತದೆ ಎಂಬುದನ್ನೂ ಗಮನಿಸಬೇಕು. ಮುಂಜಾನೆ ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದಂತೆ ತಗ್ಗಿದರೆ ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ಸಡಿಲ ಹೆಚ್ಚಿರಬಹುದು, ಅಂದರೆ ಬೋರಿಂಗ್‌ನಲ್ಲಿ ಅಳತೆ ತಪ್ಪಿದೆ. ಬಿಸಿಯಾದಂತೆ ಏರುತ್ತ ಹೋದರೆ, ಅದರಲ್ಲೂ ಎಕ್ಸಿಲರೇಟರ್‌ನಿಂದ ಕಾಲು ತೆಗೆದ ಕ್ಷಣ ಸ್ಪಷ್ಟವಾದರೆ, ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಮೇಲೆ ಸಂಶಯ ಪಡಬೇಕು. ಆಯಿಲ್ ತೆಳುವಾದಾಗ ಸಡಿಲು ಬಯಲಾಗುತ್ತದೆ. ಗುಡ್ಡದ ಏರಿನಲ್ಲಿ ಭಾರ ಬಿದ್ದಾಗ ಮಾತ್ರ 'ಧಬ್ ಧಬ್' ಎಂದು ಆಳದಿಂದ ಬಂದರೆ ಮೇನ್ ಬೇರಿಂಗ್ ಪರೀಕ್ಷಿಸುವುದು ಸೂಕ್ತ.

ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡಿ

ಯಾಂತ್ರಿಕ ಪಂಪ್ ಇರುವ ಹಳೆಯ ಇಂಡಿಕಾ, ಸುಮೋಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಒಂದು ಸಿಲಿಂಡರ್‌ನ ಉರಿ ನಿಲ್ಲಿಸುತ್ತಾರೆ. ಕಾಮನ್ ರೈಲ್ ಎಂಜಿನ್‌ನಲ್ಲಿ ಈ ಪ್ರಯೋಗ ಕೂಡದು. ಕಾರಿನ ಟಯರ್‌ನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ, ಈ ಪೈಪುಗಳಲ್ಲಿ 1000 ಬಾರ್‌ಗೂ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಅಲ್ಲಿ ಸ್ಕ್ಯಾನರ್ ಮೂಲಕವೇ ಸಿಲಿಂಡರ್ ನಿಲ್ಲಿಸಬೇಕು.

ಸಿಲಿಂಡರ್ ನಿಲ್ಲಿಸಿದಾಗ ಸದ್ದು ಪೂರ್ತಿ ಮಾಯವಾದರೆ ಇಂಜೆಕ್ಟರ್, ತಗ್ಗಿದರೆ ಅದೇ ಸಿಲಿಂಡರ್‌ನ ಬೇರಿಂಗ್ ಅಥವಾ ಪಿಸ್ಟನ್ ಪಿನ್, ಏನೂ ಬದಲಾಗದಿದ್ದರೆ ವಾಲ್ವ್, ಹೆಡ್ ಅಥವಾ ಹೊರಗಿನ ಭಾಗ ಎಂದು ಸ್ಥೂಲವಾಗಿ ಹೇಳಬಹುದು. ಸಂಶಯವಿದ್ದರೆ ಇಂಜೆಕ್ಟರ್‌ಗಳನ್ನು ಅದಲುಬದಲು ಮಾಡಿ ನೋಡಬಹುದು. ಸದ್ದೂ ಜೊತೆಗೇ ಜಾಗ ಬದಲಿಸಿದರೆ ಕಳ್ಳ ಸಿಕ್ಕಂತೆಯೇ.

ಮರುಜೋಡಣೆಯಲ್ಲೇ ಆಗುವ ತಪ್ಪು

ಹೊಸ ಎಂಜಿನ್‌ಗೆ ಬಾರದ, ಕಟ್ಟಿದ ಎಂಜಿನ್‌ಗೆ ಮಾತ್ರ ಬರುವ ದೋಷಗಳು ಕೆಲವಿವೆ. ಇವುಗಳಲ್ಲಿ ಪ್ರಮುಖವಾದುದು ಹೆಡ್ ಗ್ಯಾಸ್ಕೆಟ್‌ನ ದಪ್ಪ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲಕ್ಕೆ ಬಂದಾಗ ಹೆಡ್‌ಗೂ ಅದಕ್ಕೂ ನಡುವೆ ಉಳಿಯುವ ಜಾಗ ಅತಿ ಕಡಿಮೆ. ಬ್ಲಾಕ್‌ನ ಮುಖವನ್ನು ಲೇತ್ ಅಂಗಡಿಯಲ್ಲಿ ಸವೆಸಿ ಸಮ ಮಾಡಿದರೆ ಪಿಸ್ಟನ್ ಅಷ್ಟರಮಟ್ಟಿಗೆ ಹೊರಚಾಚುತ್ತದೆ. ಅದನ್ನು ಡಯಲ್ ಗೇಜ್‌ನಿಂದ ಅಳೆದು, ಅಂಚಿನ ರಂಧ್ರ ಅಥವಾ ಕಚ್ಚುಗಳ ಗುರುತು ನೋಡಿ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ಅಳೆಯದೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಪಿಸ್ಟನ್ ಹೆಡ್‌ಗೆ ಮುತ್ತಿಡುತ್ತದೆ!

ಎರಡನೆಯದು ರಾಡ್ ಕ್ಯಾಪ್. ಈಚಿನ ಎಂಜಿನ್‌ಗಳಲ್ಲಿ ರಾಡನ್ನು ಒಡೆದು ಎರಡಾಗಿ ಮಾಡಿರುವುದರಿಂದ ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರುವುದಿಲ್ಲ. ಕ್ಯಾಪ್ ಅದಲುಬದಲಾದರೆ ಬೇರಿಂಗ್ ಉಳಿಯದು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಹಳೆಯದನ್ನೇ ಹಾಕಿದರೆ ಅನಿಲ ಸೋರಿ 'ಚುಕ್ ಚುಕ್' ಎನ್ನುತ್ತದೆ. ಅನೇಕ ಕಾಮನ್ ರೈಲ್ ಕಾರುಗಳಲ್ಲಿ ಇಂಜೆಕ್ಟರ್ ಮೇಲಿನ ಸಂಕೇತ ಸಂಖ್ಯೆಯನ್ನು ಗಾಡಿಯ ಕಂಪ್ಯೂಟರ್‌ಗೆ ತುಂಬಬೇಕು. ಅದನ್ನು ಮರೆತರೂ ಎಂಜಿನ್ ಒರಟಾಗಿ ಬಡಿಯುತ್ತದೆ. ಹೈಡ್ರಾಲಿಕ್ ಟ್ಯಾಪೆಟ್‌ಗಳು ಮೊದಲ ಬಾರಿ ಚಾಲೂ ಮಾಡಿದಾಗ ಆಯಿಲ್ ತುಂಬುವವರೆಗೆ ಕೆಲ ನಿಮಿಷ ಟಿಕ್‌ಟಿಕ್ ಎನ್ನುವುದು ಸಹಜ. ಇದಕ್ಕೆ ಹೆದರಬೇಕಿಲ್ಲ.

ಆಯಿಲ್ ದೀಪ ಆರಿದೆ, ಆದ್ದರಿಂದ ಎಲ್ಲವೂ ಸರಿಯಿದೆ ಎಂಬ ವಾದವನ್ನು ಮಾತ್ರ ಒಪ್ಪಲಾಗದು. ಒತ್ತಡ ತೀರ ಕುಸಿದ ಮೇಲಷ್ಟೇ ಆ ದೀಪ ಹೊತ್ತುತ್ತದೆ. ಎಂಜಿನ್ ಬಿಸಿಯಾದಾಗ ಗೇಜ್ ಜೋಡಿಸಿ ಅಳೆಯುವುದೇ ದಾರಿ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿದಾಗ ಹೊಳೆಯುವ ಲೋಹದ ಪುಡಿ ಕಂಡರೆ ಎಂಜಿನ್ ತೆರೆಯದೆ ಗತ್ಯಂತರವಿಲ್ಲ.

ಅಂತಹ ಸಂದರ್ಭದಲ್ಲಿ ಕಾರನ್ನು ಧಾರವಾಡ, ಹುಬ್ಬಳ್ಳಿಗೆ ಓಡಿಸಿಕೊಂಡೇ ಹೋಗುವ ಸಾಹಸ ಬೇಡ, ಎಳೆಸಿಕೊಂಡು ಹೋಗುವುದು ಲೇಸು. ಆರಂಭದಲ್ಲೇ ನಿಲ್ಲಿಸಿದರೆ ಬೇರಿಂಗ್ ಶೆಲ್‌ಗಳ ಖರ್ಚಿನಲ್ಲಿ ಮುಗಿಯಬಹುದು. ಓಡಿಸಿದರೆ ಕ್ರ್ಯಾಂಕ್ ಗೀರುಬಿದ್ದು ಮತ್ತೆ ಗ್ರೈಂಡಿಂಗ್ ಆಗಬೇಕು, ರಾಡ್ ಮುರಿದರೆ ಬ್ಲಾಕ್ ಕೂಡ ಹೋಗುತ್ತದೆ. ಆಗ ತಪ್ಪು ಲೇತ್‌ನವರದೋ ಗ್ಯಾರೇಜಿನವರದೋ ಎಂಬ ಜಗಳಕ್ಕೆ ಸಾಕ್ಷ್ಯವೂ ಉಳಿಯದು. ಬೋರ್‌ನ ಅಳತೆ, ಕ್ರ್ಯಾಂಕ್ ಎಷ್ಟು ಸವೆಸಲಾಗಿದೆ, ಗ್ಯಾಸ್ಕೆಟ್‌ನ ಗುರುತು ಯಾವುದು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡಿದ್ದರೆ ಆ ಕಾಗದವೇ ಮಾಲೀಕನ ಕೈಯಲ್ಲಿರುವ ಆಧಾರ.