ಹುಬ್ಬಳ್ಳಿಯ ಅಕ್ಕೋರು

ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಎರೆಭೂಮಿಯ ಹಳ್ಳಿಗಳಲ್ಲಿ ಶಿಕ್ಷಕಿಯನ್ನು ಜನ ‘ಅಕ್ಕೋರು’ ಎಂದು ಕರೆಯುವರು. ಒಡಹುಟ್ಟಿದವಳ ಸಲಿಗೆಯೂ ಗುರುವಿನ ಗೌರವವೂ ಆ ಒಂದೇ ಮಾತಿನಲ್ಲಿ ಬೆರೆತಿವೆ. ಆ ಹೆಸರಿಗೆ ಪೂರ್ಣವಾಗಿ ಸಂದವರೆಂದು ನಾನು ಮೊದಲು ನೆನೆಯುವುದು ಉಮಾಬಾಯಿ ಕುಂದಾಪುರ (1892–1992) ಅವರನ್ನು.

ಮಂಗಳೂರಿನಲ್ಲಿ ಜನಿಸಿ, ಎಳವೆಯಲ್ಲಿಯೇ ವಿವಾಹಿತರಾಗಿ, ಸ್ತ್ರೀವಿದ್ಯೆಯಲ್ಲಿ ಅಚಲ ಶ್ರದ್ಧೆಯಿದ್ದ ಮಾವ ಆನಂದರಾಯರ ಪ್ರೋತ್ಸಾಹದಿಂದ ಮ್ಯಾಟ್ರಿಕ್ ತೇರ್ಗಡೆಯಾದ ಅವರು, ಪತಿವಿಯೋಗದ ತರುವಾಯ ಅದೇ ಮಾವನೊಡನೆ ಹುಬ್ಬಳ್ಳಿಗೆ ಬಂದು ತಿಲಕ ಕನ್ಯಾಶಾಲೆಯ ಭಾರವನ್ನು ಹೊತ್ತರು. ಖಾಸಗಿ ಕನ್ಯಾಶಾಲೆಯ ಮುಖ್ಯಾಧ್ಯಾಪಿಕೆಗೆ ಪಾಠ ಹೇಳುವುದೊಂದೇ ಕೆಲಸವಲ್ಲ; ಶಿಕ್ಷಕಿಯರ ಸಂಬಳಕ್ಕೆ ಹಣ ಕೂಡಿಸಬೇಕು, ಮಗಳನ್ನು ಹೊಸ್ತಿಲು ದಾಟಿಸಲು ಅಂಜುವ ತಾಯಿಯ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅವಳನ್ನು ಒಡಂಬಡಿಸಬೇಕು.

ಸ್ವಾತಂತ್ರ್ಯ ಹೋರಾಟಗಾರ ಹರ್ಡೀಕರರು ಕಟ್ಟಿದ ಕಾಂಗ್ರೆಸ್ ಸ್ವಯಂಸೇವಕರ ಸಂಘಟನೆಯಾದ ಸೇವಾದಳದ ಮಹಿಳಾ ವಿಭಾಗದ ನೇತೃತ್ವವೂ ಅವರದೇ ಆಯಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ, ಮನೆಯಿಂದ ಹೊರಬರುವುದೇ ದುಸ್ತರವಾಗಿದ್ದ ಆ ದಿನಗಳಲ್ಲಿ, ವಿಧವೆಯರನ್ನೂ ಒಳಗೊಂಡು 150ಕ್ಕೂ ಮಿಕ್ಕಿದ ಸ್ವಯಂಸೇವಿಕೆಯರು ಬಂದು ನಿಂತದ್ದು ನನಗೆ ಇಂದಿಗೂ ವಿಸ್ಮಯವೇ.

ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ್ದಕ್ಕೆ 1932ರಲ್ಲಿ ಯೆರವಡಾ ಕಾರಾಗೃಹವಾಸ. ಅವರು ಒಳಗಿರುವಾಗಲೇ ಆನಂದರಾಯರು ತೀರಿಕೊಂಡರು. ಬ್ರಿಟಿಷ್ ಸರ್ಕಾರವು ಮಾವನ ಮುದ್ರಣಾಲಯವನ್ನು ಜಪ್ತು ಮಾಡಿ ಶಾಲೆಗೆ ಬೀಗಮುದ್ರೆಯೊತ್ತಿತು. ಮಕ್ಕಳ ಶಾಲೆಯ ಬಾಗಿಲಿಗೆ ಅರಗು! ಆದರೂ ಸೇವೆ ನಿಲ್ಲಲಿಲ್ಲ; 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೇ ಒಪ್ಪಿಸಿದರು, ಗ್ರಾಮಸೇವಿಕೆಯರನ್ನು ಸಿದ್ಧಪಡಿಸುವ ಕೆಲಸ ತೊಡಗಿತು.

ಸ್ವಾತಂತ್ರ್ಯಾನಂತರ ಹೋರಾಟಗಾರರಿಗೆ ಸರ್ಕಾರ ಗೌರವವಾಗಿ ಕೊಟ್ಟ ತಾಮ್ರಪತ್ರವನ್ನೂ ಒಲ್ಲೆನೆಂದು, ಮಾವನ ಹೆಸರು ಹೊತ್ತ ‘ಆನಂದಸ್ಮೃತಿ’ ಎಂಬ ಸಣ್ಣ ಮನೆಯಲ್ಲಿ ಅವರು ಕೊನೆಯವರೆಗೂ ಹುಬ್ಬಳ್ಳಿಯಲ್ಲಿಯೇ ಬಾಳಿದರು.